ಸರದಿ

ಮೂರನೆಯ ಪುಟದಲ್ಲಿ ಒಂದು ಚೌಕ:
'ಕಲಿಕೆಯ ಸಾಲ ಬೇಕೆ?'
ಗುರುತು ಹಾಕಲು ಅರ್ಧ ಸೆಕೆಂಡು ಸಾಕು.
ನಾನು ಮೂರು ವರ್ಷ ತೆಗೆದುಕೊಂಡೆ.

ಕಾಲೇಜು ಕಚೇರಿಯ ಎಮ್ಲಿನ್ ಒಳ್ಳೆಯವನು.
ಕುರ್ಚಿ ಎಳೆದು ಕೊಟ್ಟ, ನೀರು ತಂದಿಟ್ಟ,
ರಂಜಾನೆಂದು ನೆನಪಾಗಿ
ಲೋಟ ತಾನೇ ಹಿಂದಕ್ಕೆ ಸರಿಸಿಕೊಂಡ.
'ಸಾಲ ಅಂದುಕೊಳ್ಳಬೇಡ ಹಿಬಾಕ್,
ಒಂಥರಾ ತೆರಿಗೆ ಅಂದುಕೋ.
ದುಡಿದರೆ ಕಟ್ಟು, ಇಲ್ಲದಿದ್ದರೆ ಇಲ್ಲ.'
ಹೆಸರು ಬದಲಿಸಿದರೆ
ಹಾಗಲಕಾಯಿಯ ಕಹಿ ಹೋಗುತ್ತದೆಯೇ?
ಕೇಳಲಿಲ್ಲ. ಅವನ ಕ್ಯಾಲ್ಕುಲೇಟರನ್ನೇ ನೋಡುತ್ತ ಕೂತೆ;
ಸೊನ್ನೆಯ ಗುಂಡಿ ಒಂದೇ ಸವೆದು ನುಣುಪಾಗಿತ್ತು.

ಮಸೀದಿಯಲ್ಲಿ ಕೇಳಿದೆ.
ಒಬ್ಬರು ಅಂದರು: ಅನಿವಾರ್ಯಕ್ಕೆ ರಿಯಾಯಿತಿ ಉಂಟು, ಮಗಳೇ.
ಇನ್ನೊಬ್ಬರು: ಅನಿವಾರ್ಯವೆಂದರೆ ಹಸಿವು, ಪದವಿಯಲ್ಲ.
ಇಬ್ಬರ ಗಡ್ಡವೂ ಬೆಳ್ಳಗಿತ್ತು.
ಇಬ್ಬರೂ ನನಗಾಗಿ ದುವಾ ಮಾಡಿದರು.
ತಮ್ಮ ಲಿಬಾನ್ ಸಾಲ ಪಡೆದೇ ಎಂಜಿನಿಯರಾದ,
ಬೆಳಗಿನ ನಮಾಜಿಗೆ ನನಗಿಂತ ಮೊದಲು ಏಳುತ್ತಾನೆ.
ಅವನ ದಾರಿಗೆ ನಾನು ನ್ಯಾಯಾಧೀಶೆಯಲ್ಲ.
ನನ್ನ ಹೊಟ್ಟೆಯಲ್ಲಿ ಮಾತ್ರ ಆ ಚೌಕ
ನುಂಗಿದ ಗುಂಡಿಯ ಹಾಗೆ ಕೂತುಬಿಟ್ಟಿತ್ತು.

ಕಾರ್ಡಿಫ್ ಆಸ್ಪತ್ರೆಯ ಲಾಂಡ್ರಿ, ರಾತ್ರಿಪಾಳಿ.
ಯಾರು ಹುಟ್ಟಿದ ಹಾಸು, ಯಾರು ಸತ್ತ ಹಾಸು,
ಎಲ್ಲಕ್ಕೂ ಒಂದೇ ಸೋಪು.
ಮಡಿಸುತ್ತೇನೆ: ಎರಡು, ನಾಲ್ಕು, ಎಂಟು, ಹದಿನಾರು.
ಬಡ್ಡಿಯೂ ಹೀಗೇ ದಪ್ಪವಾಗುತ್ತ ಹೋಗುತ್ತದೆ,
ಬಟ್ಟೆ ಮಾತ್ರ ಇದ್ದಷ್ಟೇ ಇರುತ್ತದೆ.

ತಿಂಗಳ ಮೊದಲ ಭಾನುವಾರ
ಹಳೆಯ ಬಂದರಿನ ಬಳಿ ದಹಬೊ ಅಜ್ಜಿಯ ಅಡುಗೆಮನೆ.
ಹನ್ನೆರಡು ಹೆಂಗಸರು, ತಲೆಗೆ ಇನ್ನೂರು ಪೌಂಡು,
ಒಂದು ಬಿಸ್ಕತ್ತಿನ ಡಬ್ಬಿ.
ನಾವು ಇದನ್ನು ಹಗ್ಬದ್ ಅನ್ನುತ್ತೇವೆ.
ಚೀಟಿ ಉಂಟು, ಕೂಗು ಇಲ್ಲ.
ಹಾಕಿದಷ್ಟೇ ಬರುತ್ತದೆ, ಒಂದು ಪೆನ್ನಿ ಹೆಚ್ಚಿಲ್ಲ.
ಮೊದಲು ಯಾರು, ಕೊನೆಗೆ ಯಾರು,
ಅದೃಷ್ಟಕ್ಕೆ ಬಿಟ್ಟದ್ದು ಅಷ್ಟು ಮಾತ್ರ.

ನನಗೆ ಬಂದದ್ದು ಹನ್ನೆರಡು.
ಶುಲ್ಕ ಕಟ್ಟಲು ಸೆಪ್ಟೆಂಬರ್, ನನ್ನ ಸರದಿ ಬರುವ ಆಗಸ್ಟ್.
ದಹಬೊಗೆ ಒಂದು.
ದಹಬೊ ಅಂದರೆ ನಮ್ಮ ಸೊಮಾಲಿಯಲ್ಲಿ ಬಂಗಾರ;
ಬಾಯಲ್ಲಿ ಉಳಿದದ್ದು ಮೂರು ಹಲ್ಲು.
ಹೊಸ ಸೆಟ್ಟಿಗೆ ಡಾಕ್ಟರು ಅಳತೆ ತೆಗೆದಾಗಿತ್ತು.
ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದಳು,
ನನ್ನ ಮುಖ ನೋಡಿದಳು,
ನನ್ನ ಕೈಯಿಂದ ಹನ್ನೆರಡನ್ನು ಕಿತ್ತುಕೊಂಡಳು.
'ನನ್ನ ಹಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ.
ಓಡಿಹೋಗುವುದೆಲ್ಲ ಆಗಲೇ ಓಡಿಹೋಗಿವೆ.'

ಒಂದು ವರ್ಷ ಅವಳು
ರೊಟ್ಟಿಯನ್ನು ಚಹಾದಲ್ಲಿ ನೆನೆಸಿ ನುಂಗಿದಳು.
ಒಂದು ವರ್ಷ ನಾನು ಒಂದೇ ಪತ್ರಿಕೆ ಓದಿದೆ,
ಬಸ್ಸಿನಲ್ಲಿ, ಡ್ರೈಯರಿನ ಬಿಸಿಗೆ ಬೆನ್ನು ಕೊಟ್ಟು.
ವಿಷಯ ಲೆಕ್ಕಶಾಸ್ತ್ರ. ಪದವಿಗೆ ಇನ್ನೂ ಐದು ವರ್ಷ.
ಪರೀಕ್ಷೆಯ ನಾಲ್ಕನೆಯ ಪ್ರಶ್ನೆ:
ಸಾಲ ಇಷ್ಟು, ದರ ಇಷ್ಟು, ಅವಧಿ ಮೂವತ್ತು ವರ್ಷ,
ಚಕ್ರಬಡ್ಡಿ ಕಂಡುಹಿಡಿಯಿರಿ.
ಕಂಡುಹಿಡಿದೆ. ಪೆನ್ನಿಯವರೆಗೂ ಸರಿ.
ಹತ್ತಕ್ಕೆ ಹತ್ತು.
ಹಾವಿನ ಉದ್ದ ಅಳೆಯಲು
ಹಾವು ಸಾಕಬೇಕೆಂದಿಲ್ಲ.

ಆಗಸ್ಟಿನಲ್ಲಿ ಡಬ್ಬಿ ದಹಬೊಗೆ ಹೋಯಿತು.
ಹಲ್ಲು ಬಂತು.
ನಾನು ಏಲಕ್ಕಿ ಜಾಯಿಕಾಯಿಯ ಹಲ್ವಾ ಕಟ್ಟಿಸಿಕೊಂಡು ಹೋದೆ,
ಬಾಗಿಲಲ್ಲಿ ಕಾಲು ತಡೆಯಿತು:
ಸಿಕ್ಕ ಉಪಕಾರಕ್ಕಿಂತ ಒಂದು ಪೊಟ್ಟಣ ಹೆಚ್ಚು
ತಿರುಗಿ ಕೊಟ್ಟರೆ ಅದಕ್ಕೇನು ಹೆಸರು?
ಅವಳಿಗೂ ಹೊಳೆದಿತ್ತು.
ಪೊಟ್ಟಣದ ಮೇಲೆ ಕೈಯಿಟ್ಟು ಖಾಜಿಯ ದನಿಯಲ್ಲಿ ಕೇಳಿದಳು:
'ಅಂದು ಇದರ ಮಾತಾಗಿತ್ತೆ?'
'ಇಲ್ಲ.'
'ನಾನು ಆಸೆಪಟ್ಟಿದ್ದೆನೆ?'
'ನನಗೆ ಹೇಗೆ ಗೊತ್ತು ಅಜ್ಜಿ?'
'ಸ್ವಲ್ಪ ಪಟ್ಟಿದ್ದೆ. ಅದು ನನಗೂ ಅಲ್ಲಾಹನಿಗೂ ಬಿಟ್ಟದ್ದು.
ತಾ ಇಲ್ಲಿ.'

ಬಿಸ್ಮಿಲ್ಲಾ ಎಂದು ದೊಡ್ಡ ತುಂಡೇ ಕಚ್ಚಿದಳು.
ಹಲ್ವಾ ಜಗ್ಗಿತು, ಹೊಸ ಹಲ್ಲಿನ ಸೆಟ್ಟು
ಅದಕ್ಕೇ ಅಂಟಿಕೊಂಡು ಹೊರಗೆ ಬಂತು.
ಮೇಜಿನ ಮೇಲೆ ಅದೊಂದು ನಗುತ್ತಿತ್ತು,
ಎದುರಿಗೆ, ಬರಿಬಾಯಲ್ಲಿ, ಅವಳು.