ಅಚ್ಚು ಈಗ ಯಾರ ಮನೇಲಿ

ಅಜ್ಜ ಇನ್ನಾಸಪ್ಪ ಮಿಲ್ಲಿನ ರಾತ್ರಿ ಪಾಳಿಯಲ್ಲಿ
ಕದ್ದು ಎರಕ ಹೊಯ್ದದ್ದಂತೆ.
ಎಂಟೆಸಳಿನ ಹಿತ್ತಾಳೆ ಹೂ,
ಹಿಡಿಕೆಗೆ ಸವೆದ ಕದಿರು.
ಮೇಸ್ತ್ರಿ ಕೇಳಿದರೆ ಮಷೀನಿನ ಭಾಗ ಅನ್ನು ಎಂದು
ಹೆಲ್ಪರ್ ಹುಡುಗನಿಗೆ ಹೇಳಿಕೊಟ್ಟಿದ್ದನಂತೆ.
ಒಂದೆಸಳು ಆಮೇಲೆ ಸೊಟ್ಟಗಾಯಿತು.
ಯಾರ ಕೈಯಿಂದ ಬಿತ್ತು ಎಂಬುದಕ್ಕೆ
ಮೂರು ಕತೆಗಳಿವೆ,
ಮೂರರಲ್ಲೂ ತಪ್ಪು ಚೌರಮ್ಮನದೇ.

ಹನ್ನೊಂದು ಮನೆಯ ಲೈನಿಗೆ ಒಂದೇ ಅಚ್ಚು.
ಆಗಮನ ಕಾಲದ ಮೊದಲ ಭಾನುವಾರ
ನೇರಳೆ ಮೇಣದಬತ್ತಿ ಹೊತ್ತಿದ್ದೇ ತಡ,
ಪೂಜೆ ಮುಗಿಸಿ ಚಪ್ಪಲಿ ಹುಡುಕುತ್ತಲೇ ಹೆಂಗಸರು:
ಅಚ್ಚು ಈಗ ಯಾರ ಮನೇಲಿ?

ಮಿಲ್ಲು ಮುಚ್ಚಿತು. ಲೈನು ಕೆಡವಿದರು.
ಲೂರ್ದಮ್ಮ ನಿಟುವಳ್ಳಿಗೆ,
ರಾಯಪ್ಪನವರು ಮಂಡಕ್ಕಿ ಭಟ್ಟಿಯ ಹಿಂದಿನ ಓಣಿಗೆ,
ಚೌರಮ್ಮನ ಮಗಳು ಹರಿಹರಕ್ಕೆ.
ಸರದಿ ಮಾತ್ರ ಹಳೆಯದೇ.
ಸ್ಕೂಟರಿನ ಡಿಕ್ಕಿಯಲ್ಲಿ, ಟಿಫಿನ್ ಕ್ಯಾರಿಯರಿನಲ್ಲಿ,
ಒಂದು ವರ್ಷ ಹರಿಹರದ ಬಸ್ಸಿನ
ಕಂಡಕ್ಟರ್ ಕೈಗೇ ಕೊಟ್ಟು ಕಳಿಸಿದ್ದರು.
ಯಾವ ದೇವರ ಚಕ್ರ ಅಂದುಕೊಂಡನೋ,
ಹಣೆಗೊತ್ತಿಕೊಂಡು ಚೀಲದಲ್ಲಿಟ್ಟನಂತೆ.

ನಮ್ಮ ಸರದಿ ಡಿಸೆಂಬರ್ ಹದಿನೇಳು.
ಅಷ್ಟರಲ್ಲಿ ಗೋದಲಿಯ ರಾಗಿ ಬೆರಳುದ್ದ ಬಂದಿರಬೇಕು.
ಚೆಲ್ಲುವುದು ಅಪ್ಪನ ಕೆಲಸ:
ನೆಗ್ಗಿದ ಊಟದ ತಟ್ಟೆ, ಕರಿಮಣ್ಣು,
ರಾತ್ರಿಯೆಲ್ಲ ನೆನೆದ ಕಾಳು, ಮೇಲೊಂದು ಒದ್ದೆ ಗೋಣಿ.
ಬೆಳಿಗ್ಗೆ ಹಲ್ಲುಜ್ಜುವ ಮೊದಲು ಗೋಣಿ ಎತ್ತಿ
'ಬೆತ್ಲೆಹೇಮಿಗೆ ಮಳೆ ಆಗೈತಿ' ಅನ್ನುತ್ತಿದ್ದ.
ವರ್ಷ ವರ್ಷವೂ ಅದೇ ಮಾತು, ವರ್ಷ ವರ್ಷವೂ ಅಮ್ಮ
ಗೋಡೆ ಕಡೆ ತಿರುಗಿ ನಗುತ್ತಿದ್ದಳು.
ಅಚ್ಚು ಬಂದ ದಿನ ಬಾಂಡ್ಲಿಯ ಪಕ್ಕ
ಪೇಪರಿನ ಚೂರು ಹಿಡಿದು ನಿಲ್ಲುತ್ತಿದ್ದ.
ಒಡೆದ ಹೂಗಳು ಅವನ ಪಾಲು.

ಆಗಸ್ಟಿನಲ್ಲಿ ಹೋದ.
ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ
ಎಣ್ಣೆ ಬಾಂಡ್ಲಿ ಇಡುವಂತಿಲ್ಲ.
ನಕ್ಷತ್ರವನ್ನೂ ಕಟ್ಟಬಾರದು ಎಂದು ಚಿಕ್ಕಪ್ಪ,
ಕಟ್ಟಬಹುದು, ಬಲ್ಬು ಹಾಕಬಾರದು ಎಂದು ಅತ್ತೆ.
ಅವರ ಜಗಳ ಮುಗಿಯುವ ತನಕ
ನಕ್ಷತ್ರ ಬಾಗಿಲ ಹಿಂದೆ ಮಡಚಿಕೊಂಡಿದೆ.

ಹದಿನೇಳರ ಸಂಜೆ ಗೇಟು ಕಿರ್ರೆಂದಿತು.
ಲೂರ್ದಮ್ಮನ ಮೊಮ್ಮಗ, ಪೇಪರು ಸುತ್ತಿದ ಗಂಟು.
'ಈ ವರ್ಷ ನಮ್ಮಲ್ಲಿಲ್ಲ, ಮುಂದಿನ ಮನೆಗೆ ಕೊಡಪ್ಪ' ಅಂದೆ.
ಅವನು ಅಲ್ಲೇ ನಿಂತು ಪಾಠ ಒಪ್ಪಿಸಿದ:
'ಎಣ್ಣೆ ಕಾಣದಿದ್ರೂ ಚಿಂತಿಲ್ಲಂತೆ,
ಒಂದು ರಾತ್ರಿ ಇದ್ದು ಬರಬೇಕಂತೆ,
ಅಜ್ಜಿ ಹೇಳೈತಿ.'

ಅಮ್ಮ ಒಳಗಿಂದ ಬಂದು
ಸುಡುತ್ತದೇನೋ ಎಂಬಂತೆ ಸೆರಗಿನಲ್ಲಿ ಇಸಕೊಂಡಳು.
ಒದ್ದೆ ಬಟ್ಟೆಯಲ್ಲಿ ಒರೆಸಿದಳು.
ತಿಕ್ಕಬಾರದು, ತಿಕ್ಕಿದರೆ ಹಿಟ್ಟು ಕಚ್ಚಿಕೊಳ್ಳುತ್ತದೆ, ಬಿಡುವುದಿಲ್ಲ.
ಎಸಳೆಸಳಿಗೂ ಶೇಂಗಾ ಎಣ್ಣೆ,
ಸೊಟ್ಟ ಎಸಳಿಗೆ ಎರಡು ಸಲ.
ರಾಗಿ ತಟ್ಟೆಯ ಪಕ್ಕ ಇಟ್ಟಳು.
ರಾಗಿ ಈ ಸಲ ನಾನು ಚೆಲ್ಲಿದ್ದು,
ಒಂದು ಕಡೆ ದಟ್ಟ,
ಒಂದು ಕಡೆ ಅಂಗೈಯಗಲ ಬೋಳು.

ರಾತ್ರಿ ನೀರಿಗೆಂದು ಎದ್ದೆ.
ಹಚ್ಚದ ಒಲೆಯ ಮುಂದೆ ಅಮ್ಮ.
ಕದಿರು ಹಿಡಿದು ಗಾಳಿಯಲ್ಲಿ ಅದ್ದುತ್ತಾಳೆ,
ತುಟಿಯಲ್ಲೇ ಎಣಿಸುತ್ತಾಳೆ,
ಮಣಿಕಟ್ಟು ಕೊಡವುತ್ತಾಳೆ.
ನೀರು ಕುಡಿಯದೆ ವಾಪಸು ಬಂದು ಮಲಗಿದೆ.

ಬೆಳಿಗ್ಗೆ ರಾಯಪ್ಪನ ಸೊಸೆ ಜೆಸಿಂತ ಬಂದಳು,
ಹೊಸಬಳು, ಇದು ಅವಳ ಮೊದಲ ಸರದಿ.
ಕೂರಲೂ ಇಲ್ಲ, ಏನು ಮಾತಾಡಬೇಕೋ ತಿಳಿಯದೆ
ಚೀಲದ ಬಾಯಿ ಬಿಚ್ಚಿ ಕಟ್ಟುತ್ತಿದ್ದಳು.
ಅಮ್ಮ ಅಚ್ಚು ಕೊಟ್ಟಳು.
'ಹಿಟ್ಟು ತೆಳ್ಳಗಿರಲಿ. ಅಚ್ಚು ಮುಳುಗಿಸಬೇಡ,
ಅಂಚು ಕಾಣ್ತಿರಬೇಕು.
ಮೊದಲೆರಡು ಒಡೀತವೆ, ಎಲ್ಲರಿಗೂ ಒಡೀತವೆ.
ಬಿಸಾಕಬೇಡ.
ಒಡೆದವು ಇಲ್ಲಿಗೆ ಕಳಿಸು.'