ಎಡಕ್ಕಿಟ್ಟ ಬ್ರೆಡ್ಡು

ಎರಡು ಚಳಿಗಾಲದ ಹಿಂದೆ ಓಲಿಂದೊಗೆ ಜ್ವರ ಬಂತು,
ಹನ್ನೊಂದನೆಯ ದಿನ ಬಿಟ್ಟಿತು.
ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು.
ಮೂಗು ಇದೆ, ದೊಡ್ಡದೇ,
ಕನ್ನಡಕ ಕೂರುವುದಕ್ಕೆ ಧಾರಾಳ ಸಾಕು.
ವಾಸನೆ ಮಾತ್ರ ಇಲ್ಲ.

ಊರಲ್ಲಿ ಯಾರಿಗೂ ಹೇಳಿಲ್ಲ ನಾವು.
ಪೋ ನದಿಯ ಒಡ್ಡಿನ ಕೆಳಗೆ ಒಂಬತ್ತು ಮೇಜಿನ ಹೋಟೆಲು,
ಒಲೆ ನನ್ನದು, ವೈನು ಅವನದು.
ಮೂಗಿಲ್ಲದವನು ಬಗ್ಗಿಸಿದ್ದಕ್ಕೆ
ಯಾರು ತೆತ್ತಾರು ದುಡ್ಡು?

ಅದಕ್ಕೇ ಈ ಉಪಾಯ:
ಬಿರಡೆ ಕೀಳುತ್ತಾನೆ, ಲೋಟಕ್ಕೆ ಎರಡು ಗುಟುಕು,
ಬೆಳಕಿಗೆ ಹಿಡಿಯುತ್ತಾನೆ, ತಿರುಗಿಸುತ್ತಾನೆ,
ಕಣ್ಣು ಮುಚ್ಚುತ್ತಾನೆ.
ನಟನೆಯಲ್ಲ ಪಾಪ, ಅಭ್ಯಾಸ.
ಅಷ್ಟರಲ್ಲಿ ಬ್ರೆಡ್ಡಿನ ಬುಟ್ಟಿ ಹಿಡಿದು ನಾನು ಬರುತ್ತೇನೆ,
ಅವನ ಮೊಣಕೈ ಹತ್ತಿರ ಬಗ್ಗಿ
ಒಂದು ಉಸಿರು ಎಳೆದು
ಬುಟ್ಟಿ ಇಡುತ್ತೇನೆ.
ಬ್ರೆಡ್ಡಿನ ಮೂತಿ ಬಲಕ್ಕಿದ್ದರೆ, ಬಗ್ಗಿಸು.
ಎಡಕ್ಕಿದ್ದರೆ, ಮುಗ್ಗಿದೆ, ಒಳಗೆ ಒಯ್ಯಿ.

ಉಳಿದದ್ದಕ್ಕೆ ನಾನು ಬೇಕಿಲ್ಲ,
ನಾಲಗೆಯ ಬುಡದಲ್ಲಿ ನೆನಪಿದೆ ಅವನಿಗೆ.
ನದಿಯ ಮಂಜು ಕುಡಿದು ನೆಲಮಾಳಿಗೆಯಲ್ಲಿ
ಎರಡು ವರ್ಷ ತೂಗಿದ ಹಂದಿತೊಡೆಗೆ
ನೊರೆಯುಕ್ಕುವ ತೆಳ್ಳನೆ ಫೋರ್ತಾನಾ:
ಜಿಡ್ಡು ತೊಳೆಯಬೇಕು, ಉಪ್ಪಿನ ಜೊತೆ ಜಗಳಕ್ಕಿಳಿಯಬಾರದು.
ಕುಂಬಳ ತುಂಬಿದ ತೊರ್ತೆಲ್ಲಿಗೆ ಬಿಳಿಯದು,
ಸಿಹಿಗೆ ಚೂರು ಹುಳಿಯ ಕಾವಲು.
ಬೇಯಿಸಿದ ಕೆನ್ನೆಮಾಂಸಕ್ಕೆ
ಒಗರಿರುವ ಲಾಂಬ್ರುಸ್ಕೊ ನಂಚಿಕೊಳ್ಳಲು.
‘ಒಂದೇ ಮಣ್ಣು ತಿಂದವು ಎರಡೂ,’ ಅನ್ನುತ್ತಾನೆ ಗಿರಾಕಿಗೆ,
‘ಹಂದಿಯೂ ಬಳ್ಳಿಯೂ. ಮಾತು ಬೇಗ ಕೂಡುತ್ತದೆ.’

ಕಳೆದ ಶನಿವಾರ ಎಲ್ಲರೆದುರು ಅಂದುಬಿಟ್ಟ:
‘ಝೈರಾಳ ಸಾರು ಈಚೆಗೆ ತೆಳು.’
ಯಾರು? ಇವನು!
ಕರಕಲಾದ ಹಾಲಿನ ಪಕ್ಕ ಕೂತು
ಪೇಪರು ಓದಿದವನು!

ಅದೇ ರಾತ್ರಿ ನೋಟರಿ ಬೊಸೆಲ್ಲಿ,
ಮಗಳ ಹೊಸ ಬೀಗರನ್ನು ಕಟ್ಟಿಕೊಂಡು ಬಂದ.
ಮಗಳು ಹುಟ್ಟಿದ ವರ್ಷದ ಬಾರ್ಬೆರಾ ಬೇಕಂತೆ.
ನಾನು ಬಗ್ಗಿದೆ.
ಒದ್ದೆ ಪೇಪರು, ಬೂಷ್ಟು ಹಿಡಿದ ಗೋಣಿ,
ಮೈ ಒರೆಸದ ನಾಯಿ.
ಎಡಕ್ಕಿಡಬೇಕಾದ್ದು
ಬಲಕ್ಕಿಟ್ಟೆ.

ಬಗ್ಗಿಸಿದ ಓಲಿಂದೊ, ಆರು ಲೋಟಕ್ಕೆ,
ಒಂದು ಹನಿ ಮೇಜುಬಟ್ಟೆಗೆ ಬೀಳದ ಹಾಗೆ.
ಅಡುಗೆಮನೆಯ ಕಿಂಡಿಯಲ್ಲಿ ನನ್ನ ಎದೆ
ಹಿಟ್ಟು ಕುಟ್ಟಿದ ಹಾಗೆ.
ನೋಟರಿ ಮೂಸಿದ, ಮತ್ತೆ ಮೂಸಿದ.
‘ಆಹಾ! ಹಳೆಯ ಕಾಡು! ಅಣಬೆ!’
ಬೀಗರೂ ತಲೆಯಾಡಿಸಿದರು,
ಅವರಿಗೂ ಕಾಡು ಕಂಡಿತು.

ಮಗಳು ನೀವೆಸ್ ಮಾತ್ರ
ಲೋಟ ಕೆಳಗಿಟ್ಟಳು.
ಬುಟ್ಟಿ ನೋಡಿದಳು, ಕಿಂಡಿ ನೋಡಿದಳು.
ಮಾತು ಮುಂದುವರಿಸುತ್ತಲೇ, ಮದುವೆ ಛತ್ರದ ಬಾಡಿಗೆಯೋ ಏನೋ,
ಬೆರಳ ತುದಿಯಿಂದ
ಬ್ರೆಡ್ಡನ್ನು ಎಡಕ್ಕೆ ತಿರುಗಿಸಿದಳು.

ಯಾವಾಗಿನಿಂದ ಗೊತ್ತು ಇವಳಿಗೆ?
ಇನ್ನು ಯಾರಿಗೆಲ್ಲ ಗೊತ್ತು?
ಒಂಬತ್ತೂ ಮೇಜು ನಮ್ಮನ್ನು ನೋಡುತ್ತ
ಇಷ್ಟು ದಿನ ಸುಮ್ಮನೆ ಉಂಡವೇ?

ಓಲಿಂದೊ ಬ್ರೆಡ್ಡು ನೋಡಿದ.
ನನ್ನನ್ನು ನೋಡಲಿಲ್ಲ.
‘ಇನ್ನೂ ನಿದ್ದೆಗಣ್ಣಲ್ಲಿದೆ ಇದು, ನೋಟರಿಗಳೇ,
ಇದರ ತಮ್ಮನನ್ನು ಎಬ್ಬಿಸಿ ತರುತ್ತೇನೆ’
ಅಂತ ಆರೂ ಲೋಟ ಎತ್ತಿಕೊಂಡು ಬಂದು
ಮೋರಿಗೆ ಸುರಿದ.

ಬಾಗಿಲು ಹಾಕಿದ ಮೇಲೆ ನಮ್ಮಿಬ್ಬರ ಊಟ.
ಬಿಳಿ ಬೋಗುಣಿ, ಕುದಿಸಾರು,
ಅದರೊಳಕ್ಕೇ ಕೆಂಪು ಲಾಂಬ್ರುಸ್ಕೊ,
ಅವನಪ್ಪ ಹುಯ್ದುಕೊಳ್ಳುತ್ತಿದ್ದ ಹಾಗೆ.
ಆವಿ ಕನ್ನಡಕಕ್ಕೆ ಹತ್ತಿತು.
‘ತೆಳುವೇ?’ ಅಂದೆ.
‘ಬಿಸಿ ಇದೆ’ ಅಂದ.

ಉಳಿದ ಬ್ರೆಡ್ಡು ಮಧ್ಯದಲ್ಲಿತ್ತು.
ಮೂತಿ ಯಾವ ಕಡೆಗಿದೆ ಅಂತ ನೋಡದೆ
ಅದನ್ನೇ ಮುರಿದು
ನನ್ನ ಬೋಗುಣಿಗೆ ಹಾಕಿದ.