ಗೇಟು ಬಿದ್ದಾಗ

ಬಂದ ಮೂರನೇ ದಿನ ಗೇಟಿನಾಚೆಯಿಂದ
ಒಬ್ಬ ಹುಡುಗ "ಪಟ್ಟಿ! ಪಟ್ಟಿ!" ಎಂದು ಕೂಗಿದ.
ನಾನು ರಿಜಿಸ್ಟರು ತೆರೆದು
ಬರುವ ಗಾಡಿಗಳ ಪಟ್ಟಿಯ ಮೇಲೆ ಬೆರಳಾಡಿಸಿದೆ.
ಹಳಿಯ ಮೇಲೆ ನಾಯಿ ಮಲಗಿತ್ತು.

ಅದು ತಾನಾಗಿಯೇ ಎದ್ದು ಮೈ ಕೊಡವಿ ಹೋಯಿತು, ಪುಣ್ಯ.
ಅವತ್ತೇ ಒಂದು ನೋಟುಬುಕ್ಕು ತಂದೆ.
ಮೊದಲ ಪುಟ, ಮೊದಲ ಸಾಲು: ಪಟ್ಟಿ ಅಂದರೆ ನಾಯಿ.
ರೋಣದ ಶಾಲೆಯಲ್ಲಿ ಯಾವ ಪಾಠವೂ
ಇಷ್ಟು ಹತ್ತಿರ ಬಂದು ಹಲ್ಲು ತೋರಿಸಿರಲಿಲ್ಲ.

ಚೆರುವತ್ತೂರಿನ ಮಾಸ್ತರು ಫೋನಿನಲ್ಲಿ ನಂಬರು ಕೊಟ್ಟು
ನಾನು ಗೇಟು ಇಳಿಸಿದರೆ
ಆರು ನಿಮಿಷ, ಕೆಲವೊಮ್ಮೆ ಹತ್ತು.
ಅದೇ ನನ್ನ ಶಾಲೆ. ಗೇಟ್ ಚೇಚಿಯನ್ನು ಬೈಯುತ್ತ ನಿಂತವರೆಲ್ಲ ಮೇಷ್ಟ್ರು.
ಬೈಗುಳ ಬೇಗ ಬಂದವು. ಅವನ್ನು ಬರೆದುಕೊಳ್ಳಬೇಕಾಗಲಿಲ್ಲ.

ಹಾಲಿನ ದಾಮೋದರ ಕ್ಯಾನು ತಟ್ಟಿ "ಪಾಲ್ ವೇಣೋ?" ಎಂದರೆ
ನನ್ನ ಪಾಲನ್ನು ಅಣ್ಣ ಬರೆಸಿಕೊಂಡನಪ್ಪಾ ಎಂದೆ.
ಮೀನಿನ ಬುಟ್ಟಿ ಇಳಿಸಿ ಕಾರಿಚ್ಚಿ
"ಸಂಸಾರಿಕ್ಕಣಂ, ಸಂಸಾರಿಕ್ಕಣಂ" ಎಂದು ಗದರಿದಾಗ
ಸಂಸಾರ ಮುರಿದು ಆರು ವರ್ಷವಾಯಿತೆಂದು
ಕನ್ನಡದಲ್ಲೇ ಅತ್ತುಬಿಟ್ಟೆ.
ಮಾತಾಡು, ಮಾತಾಡಿದರೇ ಬರುವುದು ಎಂದಿದ್ದಳಂತೆ ಅವಳು.
ಕುಂಬಳೆಯಲ್ಲಿ ಅಜ್ಜಿಮನೆಯಿದ್ದ ಶಮ್ಮಾಸ್
ಸೈಕಲ್ಲಿನ ಮೇಲಿಂದ ಬಿಡಿಸಿ ಹೇಳಿದ,
ಹೇಳಿ ನಾಚಿಕೊಂಡ.

ಪ ಇದ್ದಲ್ಲಿ ಹ ಇಟ್ಟು ನೋಡಿ ಎಂದವನೂ ಅವನೇ.
ಪುಲಿ ಹುಲಿಯಾಯಿತು, ಪಲ್ಲು ಹಲ್ಲಾಯಿತು,
ಪಾಂಬು ಹಾವಾಗಲು ಸ್ವಲ್ಪ ಹೆಣಗಿತು.
ಪಟ್ಟಿ ಹಟ್ಟಿಯಾಗಲಿಲ್ಲ. ಆದರೆ ನನ್ನ ಕ್ಯಾಬಿನ್ನಿನ ಬಾಗಿಲನ್ನೇ
ಹಟ್ಟಿ ಮಾಡಿಕೊಂಡು, ಆ ಹೆಸರಿಗೆ ಬಾಲ ಆಡಿಸತೊಡಗಿತು.

ಬರೆದದ್ದೆಲ್ಲ ನಿಲ್ಲಲಿಲ್ಲ.
ನಮ್ಮಲ್ಲಿ ಕಡಲೆ ನೆನೆಯುವುದಕ್ಕೂ ಮಂದಿಯನ್ನು ನೆನೆಯುವುದಕ್ಕೂ ಒಂದೇ ಪದ.
ರಾತ್ರಿ ಪಾಳಿಯಲ್ಲಿ ಹತ್ತು ನೆನೆ ಹಾಕಿದರೆ
ಬೆಳಿಗ್ಗೆ ನಾಲ್ಕು ಉಬ್ಬಿರುತ್ತಿದ್ದವು, ಉಳಿದವು ಕಲ್ಲು.
ಆಮೇಲೆ ಗಾಡಿಗೊಂದು ಪದ ಕಟ್ಟಿ ಕಳಿಸತೊಡಗಿದೆ.
ಬೆಳಗಿನ ಪ್ಯಾಸೆಂಜರಿಗೆ ವಿಶಪ್ಪು, ಹಸಿವು.
ಮಾವೇಲಿಗೆ ಉರಕ್ಕಂ, ನಿದ್ದೆ.
ಕಾತ್ತಿರಿಪ್ಪು ಉದ್ದದ್ದು, ಗೂಡ್ಸಿಗೇ ಕಟ್ಟಬೇಕಾಯಿತು;
ಐವತ್ತೆಂಟು ಡಬ್ಬಿ ದಾಟುವಷ್ಟರಲ್ಲಿ
ಕಾಯುವುದು ಅಂದರೇನೆಂದು ಬಾಯಿಪಾಠವಾಗಿತ್ತು.

ಈಗ ಅಲ್ಲಿ ಮೇಲ್ಸೇತುವೆ. ಯಾರೂ ನಿಲ್ಲುವುದಿಲ್ಲ.
ನಾನೂ ಪಟ್ಟಿಯೂ ಕಾಞಂಗಾಡಿನ ಪಾರ್ಸೆಲ್ ಕೋಣೆಗೆ ಬಂದಿದ್ದೇವೆ.
ಗೇಟಿನ ಕೊನೆಯ ದಿನ ಕಾರಿಚ್ಚಿ
ಬುಟ್ಟಿ ಹೊತ್ತುಕೊಂಡೇ ನನ್ನ ಗದ್ದ ಹಿಡಿದು
ಒಂದು ಪದ ಅಂದಳು.
ಗಾಡಿ ಬರುತ್ತಿತ್ತು. ಆ ಸದ್ದಿನಲ್ಲೇ ಬರೆದುಕೊಂಡೆ.
ಎದುರಿಗೆ ಅರ್ಥದ ಜಾಗ ಇನ್ನೂ ಖಾಲಿ.

ಗಾಡಿ ಇಳಿದವರನ್ನು ಕೇಳಿದೆ, ಆಟೋದವರನ್ನು,
ಪುಸ್ತಕದ ಪಾರ್ಸೆಲ್ ಬಿಡಿಸಲು ಬಂದ ಹೈಸ್ಕೂಲಿನ ಟೀಚರನ್ನು.
ಇಂಥ ಪದವೇ ಇಲ್ಲ,
ನಿಮಗೆ ತಪ್ಪು ಕೇಳಿಸಿರಬೇಕು ಎನ್ನುತ್ತಾರೆ.
ಇರಬಹುದು.
ನಿನ್ನೆ ರಾತ್ರಿ ಸುಮ್ಮನೆ ಪಟ್ಟಿಯೆದುರು ಅಂದೆ.
ಅದು ತಟ್ಟನೆ ಎದ್ದು
ಮೀನಿನ ಬುಟ್ಟಿಗಾಗಿ ಸುತ್ತ ನೋಡಿತು.